ಮೇಜಿನ ಹೊಟ್ಟೆಯಲ್ಲಿ ಹುಟ್ಟಿದ ಲೆಕ್ಕದ ಯಂತ್ರ

ಸೊಲ್ಲಾಪುರದ ಮಾರುಕಟ್ಟೆಗೆ ಉಳ್ಳಾಗಡ್ಡಿ ಒಯ್ಯುವ ಅಕ್ಕಲಕೋಟೆ ಕಡೆಯ ರೈತರಿಗೆ ಈ ದೃಶ್ಯ ಹೊಸದೇನಲ್ಲ. ತೂಕ ಮುಗಿದಿದೆ. ಅಡತಿ ಅಂಗಡಿಯ ಗಾದಿಯ ಮೇಲೆ ಕುಳಿತವರು ಕ್ಯಾಲ್ಕುಲೇಟರ್ ಎಳೆದುಕೊಂಡು ಟಕಟಕ ಒತ್ತುತ್ತಾರೆ. ಇಪ್ಪತ್ಮೂರು ಚೀಲ, ಚೀಲಕ್ಕೆ 52 ಕೆ.ಜಿ., ಕೆ.ಜಿ.ಗೆ ಹದಿನಾಲ್ಕೂವರೆ ರೂಪಾಯಿ.

“ಸಾವಕಾರ್ರ, ಇನ್ನೊಮ್ಮೆ ಹೊಡೀರಿ.”

“ಹೊಡದೇನಿ ನೋಡಪಾ, ಹದಿನೇಳು ಸಾವಿರದ ಮುನ್ನೂರಾ ನಲವತ್ತೆರಡು. ನಿನ್ನ ಕಡೆ ತಿರುಗಸ್ಲೇನು?”

ಆದವಾನಿಯ ಹತ್ತಿ ಮಾರುಕಟ್ಟೆಯಲ್ಲಿ ಇದೇ ಮಾತು ತೆಲುಗಿನಲ್ಲಿ ನಡೆಯುತ್ತದೆ, ಹೊಸೂರಿನ ತರಕಾರಿ ಮಂಡಿಯಲ್ಲಿ ತಮಿಳಿನಲ್ಲಿ, ಕಾಸರಗೋಡಿನ ಅಡಿಕೆ ಅಂಗಡಿಯಲ್ಲಿ ಮಲಯಾಳದಲ್ಲಿ. ವ್ಯಾಪಾರದ ಮಾತು ಯಾವ ಭಾಷೆಯದೇ ಇರಲಿ, ಮನಸ್ಸಿನೊಳಗಿನ ಎಣಿಕೆ ಮಾತ್ರ ಮನೆಯ ಭಾಷೆಯಲ್ಲೇ ಓಡುತ್ತಿರುತ್ತದೆ. ಎರಡರ ನಡುವೆ ನ್ಯಾಯ ಹೇಳುವುದು ಆ ಅಂಗೈ ಅಗಲದ ಯಂತ್ರ. ಬಹಳಷ್ಟು ಗಲ್ಲಾಪೆಟ್ಟಿಗೆಗಳ ಪಕ್ಕದಲ್ಲಿ ಕೂತಿರುವ ಆ ಯಂತ್ರದ ಮೇಲೆ ‘ಕ್ಯಾಸಿಯೊ’ ಅಂತ ಹೆಸರಿರುತ್ತದೆ. ಇಲ್ಲವೇ ಒಂದಕ್ಷರ ಆಚೀಚೆ ಮಾಡಿದ ಅದರ ನಕಲಿ ಹೆಸರು.

ಇದರ ಮೂಲಪುರುಷ ಹೇಗಿತ್ತು ಗೊತ್ತೇ? ಅದನ್ನು ಜೇಬಿನಲ್ಲಿ ಇಡುವುದಿರಲಿ, ಇಬ್ಬರು ಹಮಾಲರು ಸೇರಿದರೂ ಸುಲಭಕ್ಕೆ ಎತ್ತುವಂತಿರಲಿಲ್ಲ. ಅದು ಒಂದು ಮೇಜು. ಹೌದು, ಕಚೇರಿಯಲ್ಲಿ ಗುಮಾಸ್ತರು ಕೂರುವಂಥ ಮೇಜೇ. 1957ರಲ್ಲಿ ಜಪಾನಿನ ನಾಲ್ವರು ಅಣ್ಣತಮ್ಮಂದಿರು ಆ ಮೇಜಿನೊಳಗೆ ಲೆಕ್ಕವನ್ನು ಕೂರಿಸಿದರು. ಅದರ ಹೆಸರು ಕ್ಯಾಸಿಯೊ 14-ಎ. ಒಂದು ಮನೆತನದ ಗಂಟು, ಎಷ್ಟೋ ವರ್ಷಗಳ ನಿದ್ದೆ, ಎಲ್ಲವೂ ಆ ಮೇಜಿನೊಳಗೆ ಹೋಗಿದ್ದವು.

ಲೇತಿನ ಅಣ್ಣ, ಟೆಲಿಫೋನಿನ ತಮ್ಮ

ಕಶಿಯೊ ಎಂಬುದು ಮನೆತನದ ಹೆಸರು. ಅದನ್ನೇ ಇಂಗ್ಲಿಷಿನಲ್ಲಿ ತುಸು ತಿರುಚಿ ಬರೆದು ಕ್ಯಾಸಿಯೊ ಮಾಡಿದರು. ಹಿರಿಯವನು ತದಾವೊ. ಹುಟ್ಟಿದ್ದು 1917ರಲ್ಲಿ, ಶಿಕೊಕು ದ್ವೀಪದ ಕೊಚಿ ಪ್ರಾಂತದ ಒಂದು ಹಳ್ಳಿಯಲ್ಲಿ. 1923ರ ಮಹಾ ಭೂಕಂಪ ಟೋಕಿಯೊ ನಗರವನ್ನು ನೆಲಸಮ ಮಾಡಿತು. ನಗರವನ್ನು ಮತ್ತೆ ಕಟ್ಟುವ ಕೆಲಸಕ್ಕೆ ಊರೂರುಗಳಿಂದ ಕೂಲಿ ಜನ ಬಂದರು. ಹಾಗೆ ಬಂದ ಸಂಸಾರಗಳಲ್ಲಿ ಕಶಿಯೊ ಸಂಸಾರವೂ ಒಂದು. ಟ್ರಾಮಿನ ಕಾಸು ಉಳಿಸಲು ತಂದೆ ಶಿಗೆರು ಕೆಲಸದ ಜಾಗಕ್ಕೆ ನಡೆದೇ ಹೋಗಿಬರುತ್ತಿದ್ದನಂತೆ. ನಮ್ಮಲ್ಲಿ ಬರಗಾಲಕ್ಕೆ ಮುಂಬೈಗೋ ಪುಣೆಗೋ ದುಡಿಯಲು ಹೋದ ಮನೆಗಳಿಗೆ ಈ ಕತೆ ಬಿಡಿಸಿ ಹೇಳಬೇಕಿಲ್ಲ.

ತದಾವೊ ಪ್ರಾಥಮಿಕ ಶಾಲೆ ಮುಗಿಸಿ ಲೇತ್ ಮಷಿನ್ನಿನ ಕೆಲಸಕ್ಕೆ ಸೇರಿದ. ಕೈ ಚೆನ್ನಾಗಿತ್ತು. ಕಾರ್ಖಾನೆಯ ಯಜಮಾನನೇ ಗುರುತಿಸಿ, ಕೆಲಸದ ಜೊತೆಗೆ ವಸೇದಾದ ತಾಂತ್ರಿಕ ಶಾಲೆಗೆ ಕಳಿಸಿದ. ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಟೋಕಿಯೊದ ಹೊರವಲಯದ ಮಿತಾಕದಲ್ಲಿ ತದಾವೊ ತನ್ನದೇ ಒಂದು ಸಣ್ಣ ವರ್ಕ್‌ಶಾಪ್ ಹಾಕಿದ. ಸೂಕ್ಷ್ಮದರ್ಶಕದ ಬಿಡಿಭಾಗ, ಹಲ್ಲಿನ ಗಾಲಿ... ದೊಡ್ಡ ಕಂಪನಿಗಳು ಕೊಟ್ಟ ಕೆಲಸವನ್ನು ಮಾಡಿಕೊಡುವುದು, ಅಷ್ಟೆ.

ಎರಡನೆಯವನು ತೊಶಿಯೊ, 1925ರಲ್ಲಿ ಹುಟ್ಟಿದವನು. ಚಿಕ್ಕಂದಿನಿಂದಲೂ ಎಡಿಸನ್ ಅಂದರೆ ಅವನಿಗೆ ದೇವರು. ಸರ್ಕಾರದ ಸಂಪರ್ಕ ಇಲಾಖೆಯಲ್ಲಿ ತಂತ್ರಜ್ಞನಾಗಿದ್ದ. ಅಲ್ಲಿ ಅವನ ಕೈಗೆ ಪಳಗಿದ್ದು ಟೆಲಿಫೋನ್ ವಿನಿಮಯ ಕೇಂದ್ರದ ಸಾಮಾನು. ಖಾಯಂ ಸರ್ಕಾರಿ ನೌಕರಿ ಬಿಟ್ಟು ಅಣ್ಣನ ಶೆಡ್ಡಿಗೆ ಬಂದ. ಆಮೇಲೆ ಇನ್ನಿಬ್ಬರು ತಮ್ಮಂದಿರಾದ ಕಝುವೊ ಮತ್ತು ಯುಕಿಯೊ ಕೂಡಿಕೊಂಡರು. ಯುಕಿಯೊ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನು, ನಕ್ಷೆ ಬರೆಯುವುದು ಅವನ ಪಾಲು.

ಉಂಗುರ ಕೊಟ್ಟ ಬಂಡವಾಳ

ಯಂತ್ರ ಮಾಡುವುದಕ್ಕೆ ಮೊದಲು ದುಡ್ಡು ಬೇಕಲ್ಲ! ಅದು ಬಂದದ್ದು ಯಾರೂ ಊಹಿಸದ ಕಡೆಯಿಂದ. ಯುದ್ಧಾನಂತರದ ಜಪಾನಿನಲ್ಲಿ ಅಕ್ಕಿಯಿಂದ ಹಿಡಿದು ಸಿಗರೇಟಿನ ತನಕ ಎಲ್ಲಕ್ಕೂ ಬರ. ಕೊನೆಯ ಚೂರು ಸುಡುವವರೆಗೂ ಸಿಗರೇಟು ಸೇದುವುದು ವಾಡಿಕೆ. ತೊಶಿಯೊ ಒಂದು ಉಪಾಯ ಹೂಡಿದ. ಬೆರಳಿಗೆ ತೊಡುವ ಉಂಗುರ, ಅದರ ಮೇಲೆ ಸಿಗರೇಟು ಸಿಕ್ಕಿಸಲು ಒಂದು ಸಣ್ಣ ಕೊಳವೆ. ಕೈ ಸುಡುವುದಿಲ್ಲ, ಎರಡೂ ಕೈ ಕೆಲಸಕ್ಕೆ ಬಿಡುವು. ತಮ್ಮ ಚಿತ್ರ ಬರೆದ, ಅಣ್ಣ ಲೇತಿನಲ್ಲಿ ಕಡೆದ, ಅಪ್ಪ ಹೊತ್ತು ಮಾರಿ ಬಂದ. ಮೊದಮೊದಲು ಕೇಳುವವರಿರಲಿಲ್ಲ. ಆಮೇಲೆ ಮಾಡಿದಷ್ಟೂ ಖರ್ಚಾಗತೊಡಗಿತು.

ಕೈಗೆ ನಾಲ್ಕು ಕಾಸು ಸೇರಿತು. ಇನ್ನೊಬ್ಬರಾಗಿದ್ದರೆ ಇನ್ನೆರಡು ಲೇತ್ ಕೊಂಡು ಉಂಗುರವನ್ನೇ ಮಾಡುತ್ತ ಕೂರುತ್ತಿದ್ದರೇನೊ. ಇವರು ಹಾಗೆ ಮಾಡಲಿಲ್ಲ. 1949ರಲ್ಲಿ ಟೋಕಿಯೊದ ಗಿಂಝಾ ಬಡಾವಣೆಯಲ್ಲಿ ಕಚೇರಿ ಯಂತ್ರಗಳ ಒಂದು ಪ್ರದರ್ಶನ ನಡೆಯಿತು. ಹೊರದೇಶದ ವಿದ್ಯುತ್ ಲೆಕ್ಕದ ಯಂತ್ರಗಳು ಅಲ್ಲಿಗೆ ಬಂದಿದ್ದವು. ಅವಕ್ಕೆ ವಿದ್ಯುತ್ ಎಂಬುದು ಹೆಸರಿಗೆ ಮಾತ್ರ. ಒಳಗೆ ಇದ್ದದ್ದು ಹಲ್ಲಿನ ಗಾಲಿಗಳೇ, ಅವುಗಳನ್ನು ಕೈಯಿಂದ ತಿರುಗಿಸುವ ಬದಲು ಮೋಟಾರು ತಿರುಗಿಸುತ್ತಿತ್ತು. ಗಡಗಡ ಸದ್ದು ಬೇರೆ. ಗಾಲಿಯೇ ಯಾಕೆ ಬೇಕು, ವಿದ್ಯುತ್ತೇ ಲೆಕ್ಕ ಮಾಡಬಾರದೇಕೆ ಎಂಬ ಹುಳು ತೊಶಿಯೊನ ತಲೆಗೆ ಹೊಕ್ಕಿದ್ದು ಅಲ್ಲೇ.

ಮಣಿಚೌಕಟ್ಟಿನ ಮುಂದೆ ಸೋತಿದ್ದ ಯಂತ್ರ

ಜಪಾನಿನಲ್ಲಿ ಲೆಕ್ಕದ ಯಂತ್ರ ಮಾರುವುದು ಅಷ್ಟು ಸುಲಭವಿರಲಿಲ್ಲ. ಅಲ್ಲಿ ಮನೆಮನೆಯಲ್ಲೂ ಸೊರೊಬಾನ್ ಇತ್ತು. ಮರದ ಚೌಕಟ್ಟಿನಲ್ಲಿ ಕಡ್ಡಿಗಳು, ಕಡ್ಡಿಗಳಲ್ಲಿ ಮಣಿಗಳು. ಅಂಗಡಿಕಾರರಿಂದ ಬ್ಯಾಂಕಿನ ಗುಮಾಸ್ತರವರೆಗೆ ಬೆರಳಾಡಿಸಿದರೆ ಲೆಕ್ಕ ಮುಗಿಯಿತು.

1946ರ ನವೆಂಬರಿನಲ್ಲಿ ಟೋಕಿಯೊದಲ್ಲಿ ಒಂದು ಪಂದ್ಯವೇ ನಡೆದಿತ್ತು. ಒಂದು ಕಡೆ ಅಮೆರಿಕದ ಸೈನ್ಯದಲ್ಲಿ ವಿದ್ಯುತ್ ಲೆಕ್ಕದ ಯಂತ್ರ ನಡೆಸುತ್ತಿದ್ದ ಸಿಪಾಯಿ. ಇನ್ನೊಂದು ಕಡೆ ಅಂಚೆ ಉಳಿತಾಯ ವಿಭಾಗದ ಜಪಾನಿ ನೌಕರ, ಕೈಯಲ್ಲಿ ಮಣಿಚೌಕಟ್ಟು. ಐದು ಸುತ್ತಿನಲ್ಲಿ ನಾಲ್ಕನ್ನು ಮಣಿಚೌಕಟ್ಟೇ ಗೆದ್ದಿತು. ಯಂತ್ರ ಗೆದ್ದದ್ದು ಗುಣಾಕಾರದ ಸುತ್ತು ಒಂದನ್ನೇ.

ಆ ಒಂದು ಸುತ್ತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಕೂಡುವುದು, ಕಳೆಯುವುದಕ್ಕೆ ಮನುಷ್ಯನ ಬೆರಳೇ ಸಾಕು. ದೊಡ್ಡ ದೊಡ್ಡ ಗುಣಾಕಾರ ಬಂದಾಗ ಮಾತ್ರ ಯಂತ್ರಕ್ಕೆ ಬೆಲೆ. ಮುಂದೆ ಕಶಿಯೊ ಸಹೋದರರ ಹಣೆಬರಹ ತೀರ್ಮಾನವಾದದ್ದೂ ಗುಣಾಕಾರದ ಮೇಲೆಯೇ.

“ಬಂದ ಉತ್ತರವನ್ನೇ ಮತ್ತೆ ಗುಣಿಸಲು ಬರುತ್ತದೆಯೇ?”

ತೊಶಿಯೊ ಮೊದಲು ಹಿಡಿದದ್ದು ಸೊಲೆನಾಯ್ಡ್. ತಂತಿ ಸುತ್ತಿದ ಕಾಯಿಲ್, ನಡುವೆ ಒಂದು ಕಬ್ಬಿಣದ ಸರಳು. ಕರೆಂಟು ಹರಿದರೆ ಸರಳು ಒಳಗೆ ಎಳೆದುಕೊಳ್ಳುತ್ತದೆ. ಹಗಲೆಲ್ಲ ಹೊಟ್ಟೆಪಾಡಿನ ಕೆಲಸ, ರಾತ್ರಿ ಈ ಯಂತ್ರ. ಒಂದು ಮಾಡಿದರು, ಕೆಡವಿದರು. ಇನ್ನೊಂದು ಮಾಡಿದರು, ಕೆಡವಿದರು. ಹತ್ತಕ್ಕೂ ಹೆಚ್ಚು ಮಾದರಿಗಳಾದ ಮೇಲೆ, 1954ರ ಹೊತ್ತಿಗೆ ತೋರಿಸಬಹುದಾದ ಒಂದು ಯಂತ್ರ ನಿಂತಿತು.

ಅದನ್ನು ಬುನ್‌ಶೋದೊ ಎಂಬ ಕಚೇರಿ ಸಾಮಾನಿನ ವ್ಯಾಪಾರಿ ಸಂಸ್ಥೆಗೆ ಒಯ್ದು ತೋರಿಸಿದರು. ಅಲ್ಲಿಯವರು ನೋಡಿ ಒಂದೇ ಕೊರತೆ ಹೇಳಿದರು. ಒಂದು ಗುಣಾಕಾರದ ಉತ್ತರ ಬಂದ ಮೇಲೆ ಅದನ್ನೇ ಇನ್ನೊಂದು ಸಂಖ್ಯೆಯಿಂದ ನೇರವಾಗಿ ಗುಣಿಸಲು ಈ ಯಂತ್ರಕ್ಕೆ ಬರುತ್ತಿರಲಿಲ್ಲ. ಉತ್ತರವನ್ನು ಕಾಗದದ ಮೇಲೆ ಬರೆದುಕೊಂಡು ಮತ್ತೆ ಮೊದಲಿನಿಂದ ಒತ್ತಬೇಕಿತ್ತು.

ನಮ್ಮ ಉಳ್ಳಾಗಡ್ಡಿಯ ಪಟ್ಟಿಯನ್ನೇ ನೋಡಿ. 23 ಚೀಲವನ್ನು 52ರಿಂದ ಗುಣಿಸಿದರೆ 1,196 ಕೆ.ಜಿ. ಅದನ್ನು ಹದಿನಾಲ್ಕೂವರೆಯಿಂದ ಗುಣಿಸಿದರೆ 17,342 ರೂಪಾಯಿ. ನಡುವೆ 1,196 ಎಂಬುದನ್ನು ಬರೆದುಕೊಳ್ಳುವಾಗ ಒಂದು ಅಂಕಿ ತಪ್ಪಿತೋ, ರೈತನೋ ವ್ಯಾಪಾರಿಯೋ ಒಬ್ಬರು ಮುಳುಗಿದರು. ವ್ಯಾಪಾರದ ಲೆಕ್ಕ ಅಂದರೆ ಹೆಚ್ಚಿನಂಶ ಹೀಗೆ ಒಂದರ ಬಾಲ ಹಿಡಿದು ಇನ್ನೊಂದು ಬರುವ ಗುಣಾಕಾರವೇ. ಕೊಳ್ಳುವವರು ಕೇಳಿದ್ದರಲ್ಲಿ ತಪ್ಪೇನಿತ್ತು?

ಆದರೆ ಈ ಒಂದು ಮಾತಿಗೆ ಹಳೆಯ ಯಂತ್ರದ ಬುಡವೇ ಅಲ್ಲಾಡಿತು. ಸೊಲೆನಾಯ್ಡನ್ನೇ ನಂಬಿ ಮಾಡಿದ್ದ ವರ್ಷಗಳ ದುಡಿಮೆಯನ್ನು ಪಕ್ಕಕ್ಕಿಟ್ಟು ತೊಶಿಯೊ ತನ್ನ ಹಳೆಯ ನೌಕರಿಯ ಗೆಳೆಯನ ಕಡೆ ತಿರುಗಿದ. ಅದೇ ಟೆಲಿಫೋನಿನ ರಿಲೇ.

ಪಂಪ್‌ಸೆಟ್ಟಿನ ಸ್ಟಾರ್ಟರಿನಲ್ಲಿರುವ ಗುಟ್ಟು

ರಿಲೇ ಅಂದರೆ ಏನು ಅಂತ ಬೋರ್‌ವೆಲ್ ಇರುವ ರೈತನಿಗೆ ಹೇಳಿಕೊಡಬೇಕಾದ್ದಿಲ್ಲ. ಅವನ ಮೋಟಾರ್ ಸ್ಟಾರ್ಟರಿನಲ್ಲೇ ಅದರ ದೊಡ್ಡಣ್ಣ ಕೂತಿದ್ದಾನೆ. ಹಸಿರು ಗುಂಡಿ ಒತ್ತಿದಾಗ ಒಳಗಿನ ಕಾಯಿಲಿಗೆ ಕರೆಂಟು ಹರಿಯುತ್ತದೆ, ಕಬ್ಬಿಣ ‘ಟಕ್’ ಅಂತ ಎಳೆದುಕೊಳ್ಳುತ್ತದೆ, ಕಾಂಟ್ಯಾಕ್ಟ್ ಪಾಯಿಂಟು ಕೂಡುತ್ತದೆ, ಮೋಟಾರು ತಿರುಗುತ್ತದೆ. ಗುಂಡಿಯಿಂದ ಕೈ ತೆಗೆದರೂ ಮೋಟಾರು ನಿಲ್ಲುವುದಿಲ್ಲ. ಯಾಕೆಂದರೆ ಕಾಯಿಲು ತನಗೆ ಬೇಕಾದ ಕರೆಂಟನ್ನು ತನ್ನದೇ ಒಂದು ಪಾಯಿಂಟಿನ ಮೂಲಕ ತಾನೇ ತೆಗೆದುಕೊಳ್ಳುತ್ತ ಕೂತಿರುತ್ತದೆ. ಕೆಂಪು ಗುಂಡಿ ಒತ್ತುವವರೆಗೆ, ಇಲ್ಲವೇ ಲೈನಿನಲ್ಲಿ ಕರೆಂಟು ಹೋಗುವವರೆಗೆ, ‘ಯಾರೋ ಹಸಿರು ಗುಂಡಿ ಒತ್ತಿದ್ದರು’ ಎಂಬುದನ್ನು ಅದು ಮರೆಯುವುದಿಲ್ಲ.

ಅದೇ ನೆನಪಿನ ಶಕ್ತಿ! ಒಂದು ರಿಲೇ ಒಂದು ಸಂಗತಿಯನ್ನು ನೆನಪಿಡುತ್ತದೆ, ಹೌದು ಅಥವಾ ಇಲ್ಲ. ನಾಲ್ಕು ರಿಲೇ ಸೇರಿಸಿದರೆ ಹದಿನಾರು ಬಗೆಯಲ್ಲಿ ಕೂರಿಸಬಹುದು, ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗೆ ಧಾರಾಳ ಸಾಕು. ಒಂದು ರಿಲೇಯ ಪಾಯಿಂಟು ಇನ್ನೊಂದರ ಕಾಯಿಲಿಗೆ ಕರೆಂಟು ಬಿಡುವಂತೆ ತಂತಿ ಕಟ್ಟಿದರೆ ಕೂಡುವುದೂ ಬರುತ್ತದೆ, ಕಳೆಯುವುದೂ ಬರುತ್ತದೆ. ಮತ್ತೆ ಮತ್ತೆ ಕೂಡುವುದೇ ಗುಣಾಕಾರ, ಮತ್ತೆ ಮತ್ತೆ ಕಳೆಯುವುದೇ ಭಾಗಾಕಾರ. ಕಂಪ್ಯೂಟರ್ ಎಂಬ ದೊಡ್ಡ ಹೆಸರಿನ ಹಿಂದಿರುವ ಮೂಲ ಗುಟ್ಟು ಇಷ್ಟೇ.

ರಿಲೇಯಿಂದ ಲೆಕ್ಕ ಮಾಡಿಸುವುದು ಹೊಸದಾಗಿರಲಿಲ್ಲ. ಜಪಾನ್ ಸರ್ಕಾರದ ವಿದ್ಯುತ್ ಪ್ರಯೋಗಾಲಯ 1955ರಲ್ಲಿ ಮುಗಿಸಿದ ರಿಲೇ ಕಂಪ್ಯೂಟರಿನಲ್ಲಿ 20 ಸಾವಿರಕ್ಕೂ ಹೆಚ್ಚು ರಿಲೇಗಳಿದ್ದವು. ಅದಕ್ಕೆ ದೊಡ್ಡ ಕೋಣೆಯೇ ಬೇಕು. ಕಚೇರಿಯ ಮೂಲೆಯಲ್ಲಿ ಇಡಬೇಕಾದರೆ ಎಷ್ಟು ಕಡಿಮೆ ರಿಲೇಯಲ್ಲಿ ಕೆಲಸ ಮುಗಿಯುತ್ತದೆ ಎಂಬುದೇ ಪ್ರಶ್ನೆ. ತೊಶಿಯೊ ಒಂದೊಂದೇ ರಿಲೇ ಕಿತ್ತು ಹಾಕುತ್ತ, ಒಂದೇ ರಿಲೇಯಿಂದ ಎರಡು ಕೆಲಸ ತೆಗೆಯುತ್ತ ಬಂದು, ಕೊನೆಗೆ ಸುಮಾರು 340ಕ್ಕೆ ನಿಲ್ಲಿಸಿದ.

ಇನ್ನೊಂದು ಕಾಟ ಧೂಳಿನದು. ಸ್ಟಾರ್ಟರಿನೊಳಗೆ ಇರುವೆ ಸೇರಿದರೆ, ಹಲ್ಲಿ ಸಿಕ್ಕಿಕೊಂಡರೆ ಏನಾಗುತ್ತದೆ ನಮಗೆ ಗೊತ್ತಲ್ಲ? ಪಾಯಿಂಟು ಕೂಡದೆ ಮೋಟಾರು ಕೈಕೊಡುತ್ತದೆ. ಸಣ್ಣ ರಿಲೇಗೆ ಅಷ್ಟೂ ಬೇಡ, ಕಣ್ಣಿಗೆ ಕಾಣದ ಧೂಳಿನ ಕಣ ಸಾಕು. ನೀರು ಬರದಿದ್ದರೆ ಮೋಟಾರು ನಿಂತಿದೆ ಅಂತ ತಿಳಿಯುತ್ತದೆ. ಲೆಕ್ಕದ ಯಂತ್ರದಲ್ಲಿ ಒಂದು ಪಾಯಿಂಟು ಕೂಡದಿದ್ದರೆ ಯಂತ್ರ ನಿಲ್ಲುವುದಿಲ್ಲ, ತಪ್ಪು ಉತ್ತರ ಕೊಡುತ್ತದೆ. ಅದಕ್ಕಿಂತ ಅಪಾಯ ಬೇರೆ ಯಾವುದಿದೆ? ಹೀಗಾಗಿ ಧೂಳಿಗೆ ಸುಲಭವಾಗಿ ಬಗ್ಗದಂಥ ರಿಲೇಯನ್ನೂ ತೊಶಿಯೊ ತಾನೇ ರೂಪಿಸಬೇಕಾಯಿತು.

ವಿಮಾನ ಹತ್ತದ ಮೇಜು

1956ರ ಡಿಸೆಂಬರ್. ಉತ್ತರದ ಹೊಕ್ಕೈಡೊ ದ್ವೀಪದ ಸಪ್ಪೊರೊ ನಗರದಲ್ಲಿ ಯಂತ್ರವನ್ನು ಸಾರ್ವಜನಿಕವಾಗಿ ತೋರಿಸುವುದು ಅಂತ ನಿಕ್ಕಿಯಾಯಿತು. ಯಂತ್ರವನ್ನು ಟೋಕಿಯೊದ ಹನೇಡಾ ವಿಮಾನ ನಿಲ್ದಾಣಕ್ಕೆ ತಂದರು. ಅಳತೆ ಜಾಸ್ತಿಯಾಯಿತು, ಹೀಗೇ ಹಾಕಲು ಬರುವುದಿಲ್ಲ, ಒಂದಷ್ಟು ಭಾಗ ಬಿಚ್ಚಿಕೊಡಿ ಎಂದರು ಅಲ್ಲಿಯವರು. ಏನು ಮಾಡುವುದು? ಬಿಚ್ಚಿದರು.

ಸಪ್ಪೊರೊದಲ್ಲಿ ಮತ್ತೆ ಜೋಡಿಸಿದರೆ ಯಂತ್ರ ಮುಷ್ಕರ ಹೂಡಿತು! ಯಾವುದಕ್ಕಾಗಿ ಇಷ್ಟೆಲ್ಲ ಪಟ್ಟಿದ್ದರೋ ಆ ಮುಂದುವರಿದ ಗುಣಾಕಾರವೇ ಬರಲೊಲ್ಲದು. ರಿಪೇರಿ ಮಾಡಲು ಹೊತ್ತಿಲ್ಲ, ಜನ ಬಂದು ಕೂತಾಗಿದೆ. ತೊಶಿಯೊ ಸ್ಲೈಡುಗಳನ್ನು ತೋರಿಸಿ ಬಾಯಿಮಾತಿನಲ್ಲೇ ವಿವರಿಸಿದ. ಎಷ್ಟೋ ವರ್ಷದ ದುಡಿಮೆ, ಪರೀಕ್ಷೆಯ ದಿನ ಮೂಕ. ಸಹೋದರರು ಹೇಗೆ ಊರಿಗೆ ವಾಪಸಾಗಿರಬೇಕು ಅಂತ ಯಾರಾದರೂ ಊಹಿಸಬಹುದು.

ಆದರೆ ಆ ವಿವರಣೆ ವ್ಯರ್ಥವಾಗಲಿಲ್ಲ. ಕಚೇರಿ ಸಾಮಾನು ಮಾರುವ ಉಚಿದಾ ಯೋಕೊ ಎಂಬ ಸಂಸ್ಥೆಯವರಿಗೆ ಸುದ್ದಿ ಮುಟ್ಟಿತು. ಯಂತ್ರವನ್ನು ತಮಗೆ ತೋರಿಸಿ ಎಂದರು. ನೋಡಿದ ಮೇಲೆ, ನೀವು ತಯಾರಿಸಿ, ಮಾರುವ ಜವಾಬ್ದಾರಿ ನಮ್ಮದು ಅಂತ ಕರಾರು ಮಾಡಿಕೊಂಡರು. 1957ರ ಜೂನ್ ತಿಂಗಳಲ್ಲಿ ‘ಕಶಿಯೊ ಕೆಸಾಂಕಿ’ ಕಂಪನಿ ಸ್ಥಾಪನೆಯಾಯಿತು. ಕೆಸಾಂಕಿ ಎಂದರೆ ಜಪಾನಿಯಲ್ಲಿ ಲೆಕ್ಕದ ಯಂತ್ರ. ಕಂಪ್ಯೂಟರಿಗೂ ಅದೇ ಮಾತು. ಕಂಪನಿಯ ಮೊದಲ ಅಧ್ಯಕ್ಷ ಯಾರು? ಯಂತ್ರ ಕಂಡುಹಿಡಿದವನೂ ಅಲ್ಲ, ಶೆಡ್ಡು ಹಾಕಿದವನೂ ಅಲ್ಲ. ಉಂಗುರ ಹೊತ್ತು ಮಾರಿದ್ದ ಅಪ್ಪ ಶಿಗೆರು. ಮಕ್ಕಳು ತಂದೆಯನ್ನೇ ಗಾದಿಯಲ್ಲಿ ಕೂರಿಸಿದರು.

ಹತ್ತು ಗುಂಡಿ, ಒಂದೇ ಕಿಟಕಿ

ಮಾರುಕಟ್ಟೆಗೆ ಬಂದ 14-ಎ ಹೇಗಿತ್ತು? ಮೇಜಿನ ಮೇಲ್ಭಾಗದಲ್ಲಿ ಗುಂಡಿಗಳು ಮತ್ತು ದೀಪ ಹೊತ್ತಿ ಅಂಕಿ ತೋರಿಸುವ ಕಿಟಕಿ. ಹೊಟ್ಟೆಯೊಳಗೆ ರಿಲೇಗಳ ಸಾಲು. ತೂಕ ಸುಮಾರು 140 ಕೆ.ಜಿ., ಅಂದರೆ ಕ್ವಿಂಟಲ್ ಚೀಲ ಒಂದು, ಮೇಲೆ ನಲವತ್ತು ಕಿಲೊ. ಕರೆಂಟು ಸುಮಾರು 300 ವ್ಯಾಟ್. ಹದಿನಾಲ್ಕು ಅಂಕಿಯವರೆಗೆ ಲೆಕ್ಕ, ಅದಕ್ಕೇ 14 ಎಂಬ ಹೆಸರು. ಗುಂಡಿ ಒತ್ತಿದರೆ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಂತೆ ಟಕಟಕಟಕ ಸದ್ದು, ನಿಂತಾಗ ಉತ್ತರ ಸಿದ್ಧ. ಒಳಗೆ ತಿರುಗುವ ಗಾಲಿ ಒಂದೂ ಇರಲಿಲ್ಲ. ಪೂರ್ತಿ ವಿದ್ಯುತ್ತಿನಿಂದಲೇ ನಡೆಯುವ ಚಿಕ್ಕ ಲೆಕ್ಕದ ಯಂತ್ರಗಳಲ್ಲಿ ಜಗತ್ತಿಗೇ ಇದು ಮೊದಲನೆಯದು ಅಂತ ಕಂಪನಿ ಹೇಳಿಕೊಳ್ಳುತ್ತದೆ. ಮೇಜಿನಷ್ಟು ದೊಡ್ಡದನ್ನು ‘ಚಿಕ್ಕದು’ ಎಂದರೆ ಇಂದು ನಗು ಬರಬಹುದು. ಕೋಣೆ ತುಂಬುವ ಯಂತ್ರಗಳ ಕಾಲದಲ್ಲಿ ಅದು ಚಿಕ್ಕದೇ.

ಗಮನಿಸಬೇಕಾದ ಎರಡು ಸಂಗತಿಗಳಿವೆ. ಆ ಕಾಲದ ಬಹಳಷ್ಟು ಯಂತ್ರಗಳಲ್ಲಿ ಬಿಡಿ, ಹತ್ತು, ನೂರು, ಸಾವಿರ ಹೀಗೆ ಪ್ರತಿ ಸ್ಥಾನಕ್ಕೂ ಒಂದೊಂದು ಸಾಲು ಗುಂಡಿ. ಹತ್ತು ಸ್ಥಾನಕ್ಕೆ 90 ಗುಂಡಿ! 14-ಎ ಯಂತ್ರದಲ್ಲಿ ಅಂಕಿಗೆ ಹತ್ತೇ ಗುಂಡಿ. ಎರಡನೆಯದು, ಬೇರೆ ಯಂತ್ರಗಳಲ್ಲಿ ಮೂರು ಕಿಟಕಿ. ಗುಣ್ಯಕ್ಕೆ ಒಂದು, ಗುಣಕಕ್ಕೆ ಒಂದು, ಉತ್ತರಕ್ಕೆ ಒಂದು. ಇಲ್ಲಿ ಒಂದೇ ಕಿಟಕಿ. ಒತ್ತುವಾಗ ಒತ್ತಿದ ಸಂಖ್ಯೆ, ಮುಗಿದ ಮೇಲೆ ಉತ್ತರ. ನಿಮ್ಮ ಕೈಯಲ್ಲಿರುವ ಕ್ಯಾಲ್ಕುಲೇಟರ್ ಇಂದಿಗೂ ಹೀಗೇ ಇದೆ ನೋಡಿ, ಹತ್ತು ಗುಂಡಿ, ಒಂದು ಕಿಟಕಿ. ಯಂತ್ರ ಕುಗ್ಗಿ ಅಂಗೈಗೆ ಬಂದರೂ ಮುಖ ಮಾತ್ರ ಆ ಮೇಜಿನದೇ.

ಬೆಲೆ 4 ಲಕ್ಷ 85 ಸಾವಿರ ಯೆನ್. ಆಗಿನ ವಿನಿಮಯ ದರದಲ್ಲಿ ಸುಮಾರು 6,400 ರೂಪಾಯಿ, 1957ರ ರೂಪಾಯಿ! ಆಗ ಜಪಾನಿನಲ್ಲಿ ಹೊಸದಾಗಿ ಸರ್ಕಾರಿ ಕೆಲಸಕ್ಕೆ ಸೇರಿದ ಪದವೀಧರನ ತಿಂಗಳ ಸಂಬಳ ಹತ್ತು ಸಾವಿರ ಯೆನ್ನಿನ ಆಸುಪಾಸು. ಅಂದರೆ ನಾಲ್ಕು ವರ್ಷದ ಸಂಬಳ. ಸಣ್ಣ ಅಂಗಡಿಯವರ ಮಾತಲ್ಲ ಅದು. ದೊಡ್ಡ ಕಂಪನಿ, ಸರ್ಕಾರಿ ಕಚೇರಿ, ಸಂಶೋಧನಾ ಸಂಸ್ಥೆಗಳಂಥವರ ಸರಕು. ಆದರೂ ಮಾರಾಟವಾಯಿತು. 1959ರಲ್ಲಿ ವರ್ಗಮೂಲ ತೆಗೆಯುವ 14-ಬಿ ಬಂತು. 1962ರಲ್ಲಿ ಎಂಜಿನಿಯರುಗಳ ಉದ್ದುದ್ದ ಲೆಕ್ಕಕ್ಕೆ ಎಎಲ್-1 ಬಂತು.

ಏಳು ವರ್ಷದ ಸುಖ

ಕತೆ ಇಲ್ಲಿಗೇ ಮುಗಿದಿದ್ದರೆ ಸಾಮಾನ್ಯವಾದ ಒಂದು ಯಶಸ್ಸಿನ ಕತೆಯಾಗುತ್ತಿತ್ತು. ವ್ಯಾಪಾರ ಬಲ್ಲವರಿಗೆ ಬೇಕಾದದ್ದು ಮುಂದಿನ ಭಾಗ.

1961ರಲ್ಲೇ ಬ್ರಿಟನ್ನಿನಿಂದ ‘ಅನಿಟಾ’ ಎಂಬ ಯಂತ್ರ ಹೊರಬಂದಿತ್ತು. ಅದರಲ್ಲಿ ಅಲ್ಲಾಡುವ ರಿಲೇಯೂ ಇಲ್ಲ, ಗಾಜಿನ ವಾಲ್ವುಗಳಲ್ಲೇ ಲೆಕ್ಕ. ಮೇಜು ಬೇಡ, ಮೇಜಿನ ಮೇಲೆ ಇಟ್ಟರಾಯಿತು. 1964ರಲ್ಲಿ ಜಪಾನಿನ ಹಯಾಕಾವಾ ಎಲೆಕ್ಟ್ರಿಕ್, ಅಂದರೆ ನಾವು ಶಾರ್ಪ್ ಅಂತ ಕರೆಯುವ ಕಂಪನಿ, ಟ್ರಾನ್ಸಿಸ್ಟರುಗಳಿಂದ ಮಾಡಿದ ಸಿಎಸ್-10ಎ ತಂದಿತು. ತೂಕ 25 ಕೆ.ಜಿ., ಬೆಲೆ 5 ಲಕ್ಷ 35 ಸಾವಿರ ಯೆನ್. ಬೆಲೆಯಲ್ಲಿ ಕ್ಯಾಸಿಯೊ ಮೇಜಿಗಿಂತ ಅಗ್ಗವೇನಲ್ಲ. ಆದರೆ ಸದ್ದಿಲ್ಲ! ಗುಂಡಿ ಒತ್ತುವುದರೊಳಗೆ ಉತ್ತರ. ಅದೇ ವರ್ಷ ಕ್ಯಾನನ್ ಕಂಪನಿಯೂ ತನ್ನ ಯಂತ್ರ ಹೊರತಂದಿತು.

ರೇಡಿಯೋದಲ್ಲಿ ವಾಲ್ವು ಹೋಗಿ ಟ್ರಾನ್ಸಿಸ್ಟರ್ ಬಂದಾಗ ಏನಾಯಿತೋ ಇಲ್ಲಿಯೂ ಅದೇ ಆಯಿತು. ನಿನ್ನೆಯವರೆಗೆ ಹೊಸದಾಗಿದ್ದ ಟಕಟಕ ಸದ್ದು ಇದ್ದಕ್ಕಿದ್ದಂತೆ ಹಳೆಯದಾಯಿತು. ತಮ್ಮದೇ ಕೈಯಿಂದ ಕಡೆದ, ಒಂದೊಂದೂ ಲೆಕ್ಕವಿಟ್ಟು ಕೂರಿಸಿದ ರಿಲೇಗಳು. ಅದನ್ನು ಬಿಟ್ಟುಕೊಡುವುದು ಸುಲಭವೇ? ರಿಲೇಯಲ್ಲಿ ತಾವೇ ಮೇಲು ಎಂಬ ಹೆಮ್ಮೆ ಬೇರೆ. ಗಾಲಿಯವರನ್ನು ನೋಡಿ ಅಂದು ನಕ್ಕವರು ತಾವೇ ಇಂದು ಗಾಲಿಯವರ ಜಾಗದಲ್ಲಿ ನಿಂತಿದ್ದರು.

ಅವರು ಮಾಡಿದ ಒಳ್ಳೆಯ ಕೆಲಸವೆಂದರೆ ಆ ಜಾಗದಲ್ಲಿ ಬಹಳ ದಿನ ನಿಲ್ಲಲಿಲ್ಲ. ರಿಲೇಯನ್ನು ಬಿಟ್ಟರು. 1965ರಲ್ಲಿ ಕ್ಯಾಸಿಯೊ 001 ಎಂಬ ಎಲೆಕ್ಟ್ರಾನಿಕ್ ಯಂತ್ರ ತಂದರು. ಎಲ್ಲರೂ ಮಾಡಿದ್ದನ್ನೇ ತಡವಾಗಿ ಮಾಡಿದರೆ ಕೇಳುವವರಾರು? ಅದಕ್ಕೇ ಒಂದು ಹೆಚ್ಚಿನ ಅನುಕೂಲ ಸೇರಿಸಿದರು. ಒಂದು ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಂಡು ಬೇಕಾದಾಗ ತೆಗೆದು ಕೊಡುವ ಮೆಮೊರಿ. ಇಂದಿನ ಕ್ಯಾಲ್ಕುಲೇಟರಿನ ‘ಎಂ’ ಗುಂಡಿ ಮಾಡುವ ಕೆಲಸ ಅದೇ.

140 ಕಿಲೊದಿಂದ 12 ಗ್ರಾಮಿಗೆ

ಮುಂದಿನದು ಜಪಾನಿನಲ್ಲಿ ‘ಕ್ಯಾಲ್ಕುಲೇಟರ್ ಯುದ್ಧ’ ಅಂತಲೇ ಹೆಸರಾದ ಕಾಲ. ಹತ್ತಾರು ಕಂಪನಿಗಳು ಇಳಿದವು, ಬೆಲೆ ವರ್ಷವರ್ಷವೂ ಕುಸಿಯಿತು, ಬಹಳಷ್ಟು ಕಂಪನಿಗಳು ಗಂಟು ಕಳೆದುಕೊಂಡು ಎದ್ದು ಹೋದವು. ಈ ಜಗಳದಿಂದ ಜಗತ್ತಿಗೆ ಆದ ಒಂದು ಉಪಕಾರ ದೊಡ್ಡದು. ಬ್ಯುಸಿಕಾಮ್ ಎಂಬ ಜಪಾನಿ ಕ್ಯಾಲ್ಕುಲೇಟರ್ ಕಂಪನಿ ತನ್ನ ಯಂತ್ರಕ್ಕೆ ಚಿಪ್ಪು ಮಾಡಿಕೊಡಿ ಅಂತ ಅಮೆರಿಕದ ಇಂಟೆಲ್ ಬಳಿಗೆ ಹೋಯಿತು. ಅದಕ್ಕಾಗಿ ತಯಾರಾಗಿ 1971ರಲ್ಲಿ ಮಾರುಕಟ್ಟೆಗೆ ಬಂದದ್ದೇ 4004, ಬೆರಳ ತುದಿಯಷ್ಟು ಚಿಪ್ಪಿನಲ್ಲಿ ಇಡೀ ಲೆಕ್ಕದ ಮಿದುಳು. ಮನೆಯ ಕಂಪ್ಯೂಟರಿಗೂ ಕೈಯ ಮೊಬೈಲಿಗೂ ಅಜ್ಜನೆಂದರೆ ಈ ಕ್ಯಾಲ್ಕುಲೇಟರ್ ಚಿಪ್ಪು.

1972ರ ಆಗಸ್ಟಿನಲ್ಲಿ ಕ್ಯಾಸಿಯೊ ಮಿನಿ ಬಂತು. ಆರೇ ಅಂಕಿ. ಬೆಲೆ 12,800 ಯೆನ್, ಬೇರೆಯವರ ಬೆಲೆಯ ಮೂರನೇ ಒಂದು ಭಾಗ. ಇದು ಕಚೇರಿಗೆಂದು ಮಾಡಿದ್ದಲ್ಲ, ಮನೆಗೆಂದು ಮಾಡಿದ್ದು. ಮನೆಯ ಖರ್ಚುವೆಚ್ಚ ಬರೆಯುವವರು, ಓದುವ ಹುಡುಗರು, ಸಣ್ಣ ಅಂಗಡಿಯವರು, ಇವರಿಗೆ ಹದಿನಾಲ್ಕು ಅಂಕಿ ಯಾಕೆ ಬೇಕು? ಆರು ಸಾಕು. ಹತ್ತು ತಿಂಗಳಲ್ಲಿ ಹತ್ತು ಲಕ್ಷ ಯಂತ್ರ ಮಾರಿಹೋದವು. 1983ರಲ್ಲಿ ಬಂದ ಎಸ್‌ಎಲ್-800 ಇನ್ನೂ ಒಂದು ಹೆಜ್ಜೆ ಮುಂದೆ, ದಪ್ಪ 0.8 ಮಿಲಿಮೀಟರ್, ತೂಕ 12 ಗ್ರಾಂ. ಮೇಜಿನಿಂದ ವಿಸಿಟಿಂಗ್ ಕಾರ್ಡಿಗೆ ಇಳಿಯಲು 26 ವರ್ಷ ಹಿಡಿಯಿತು.

ತದಾವೊ 1993ರಲ್ಲಿ ತೀರಿಕೊಂಡ. ತೊಶಿಯೊ 2012ರಲ್ಲಿ. ಮರುವರ್ಷ, 2013ರಲ್ಲಿ, ಟೋಕಿಯೊದ ಸೆತಗಾಯಾ ಭಾಗದಲ್ಲಿ ತೊಶಿಯೊ ಬಾಳಿದ ಮನೆಯನ್ನೇ ಅವನ ಸಂಶೋಧನೆಗಳ ಸ್ಮಾರಕ ಸಂಗ್ರಹಾಲಯವಾಗಿ ತೆರೆದರು. 14-ಎ ಅಲ್ಲಿದೆ. ಕರೆಂಟು ಕೊಟ್ಟರೆ ಆ ರಿಲೇಗಳು ಇಂದಿಗೂ ಟಕಟಕ ಅನ್ನುತ್ತವೆ, ದೀಪ ಹೊತ್ತುತ್ತದೆ, ಉತ್ತರ ಬರುತ್ತದೆ.

ಮತ್ತೆ ಅಂಗಡಿ ಕಟ್ಟೆಗೆ

ಸಾಲುಸಾಲು ಗುಂಡಿ ತೆಗೆದರು, ಗಾಲಿ ತೆಗೆದರು, ಎರಡು ಕಿಟಕಿ ತೆಗೆದರು. ಸಮಯ ಬಂದಾಗ ತಮ್ಮ ರಿಲೇಯನ್ನೂ ತೆಗೆದರು. ಕೊನೆಗೆ ಮೇಜನ್ನೇ ತೆಗೆದರು. ಗಿರಾಕಿಗೆ ಬೇಡದ್ದನ್ನು ತೆಗೆಯುತ್ತ ಹೋದದ್ದೇ ಅವರ ವ್ಯಾಪಾರ. ಇನ್ನೊಬ್ಬರದನ್ನು ಹಳೆಯದು ಎನ್ನುವುದು ಸುಲಭ. ತನ್ನ ಕೈಯಾರೆ ಮಾಡಿದ್ದು ಹಳೆಯದಾಯಿತು ಎಂದು ಒಪ್ಪಿಕೊಳ್ಳುವುದು ಕಷ್ಟ. ಒಪ್ಪಿಕೊಂಡದ್ದರಿಂದ ಆ ಮನೆತನ ಉಳಿಯಿತು. ತಲೆಮಾರಿನಿಂದ ಒಂದೇ ಬೆಳೆ, ಒಂದೇ ಸರಕು ಹಿಡಿದು ಕೂತ ನಮ್ಮ ಮನೆಗಳಲ್ಲೂ ಈ ಮಾತು ಒಮ್ಮೆ ಬರಬೇಕಾದದ್ದೇ.

ಒಂದು ಮಾತು ಮಾತ್ರ ರೈತರು ಮರೆಯಬಾರದು. ಒಂದೇ ಕಿಟಕಿಯ ಯಂತ್ರ ಉತ್ತರ ತೋರಿಸುತ್ತದೆ, ಆ ಉತ್ತರಕ್ಕೆ ಬಂದ ದಾರಿ ತೋರಿಸುವುದಿಲ್ಲ. ಐವತ್ತೆರಡರ ಬದಲು ಐವತ್ತು ಒತ್ತಿದ್ದರೆ ಯಂತ್ರಕ್ಕೇನು ಗೊತ್ತು? ಅದಕ್ಕೇ ಇರಬೇಕು, ಇಂದಿನ ಎಲೆಕ್ಟ್ರಾನಿಕ್ ತಕ್ಕಡಿಗಳಲ್ಲಿ ಮೂರು ಕಿಟಕಿಗಳು ಮತ್ತೆ ವಾಪಸಾಗಿವೆ. ತೂಕಕ್ಕೊಂದು, ದರಕ್ಕೊಂದು, ಹಣಕ್ಕೊಂದು. ಹಲವು ತಕ್ಕಡಿಗಳಲ್ಲಿ ಕೊಡುವವರ ಕಡೆಗೂ ಕೊಳ್ಳುವವರ ಕಡೆಗೂ ಕಾಣುವಂತೆ ಎರಡೂ ಮಗ್ಗುಲಿಗೆ. ಕಿಟಕಿ ಒಂದೇ ಇರುವ ಕಡೆ ಪಟ್ಟಿಯ ಮೇಲೆ ಚೀಲ, ತೂಕ, ದರ ಮೂರನ್ನೂ ಬರೆಸಿಕೊಳ್ಳುವುದು ಲೇಸು.

ಆಮೇಲೂ ಅನುಮಾನವಿದ್ದರೆ ಕೇಳುವುದರಲ್ಲಿ ಸಂಕೋಚವೇನು? “ಸಾವಕಾರ್ರ, ಇನ್ನೊಮ್ಮೆ ಹೊಡೀರಿ.” ಹೊಡೆಯುವುದಕ್ಕೆ ಈಗ ಕಷ್ಟವೇನಿಲ್ಲ. ಆ 140 ಕಿಲೊ ಭಾರವನ್ನು ನಾಲ್ವರು ಅಣ್ಣತಮ್ಮಂದಿರು ನಮ್ಮೆಲ್ಲರ ಪರವಾಗಿ ಎಂದೋ ಹೊತ್ತು ಇಳಿಸಿದ್ದಾರೆ.